ಅಕ್ಕತಂಗಿಯರ ಕಲ್ಲು

ಲಿಥಾರಿ, ತಿನೋಸ್ ದ್ವೀಪ
೨೦ ಅಕ್ಟೋಬರ್ ೧೯೮೬

ಪ್ರೀತಿಯ ಗರುಫಲ್ಯಾ,

ಭಾವನ ಕಾಗದ ಬಂತು ಅಂದಕೂಡಲೇ ಎದೆ ಹಿಡಿದುಕೊಳ್ಳಬೇಡ, ಈ ಸಲ ಯಾರೂ ಸತ್ತಿಲ್ಲ. ನಾನಿನ್ನೂ ಉಳಿ ಹಿಡಿಯುತ್ತೇನೆ, ಹೊತ್ತುಹೊತ್ತಿಗೆ ತಿನ್ನುತ್ತೇನೆ, ಪಕ್ಕದ ಮನೆ ಜಂಬೇತಾಳ ಕೈಲಿ ದಿನಾ ಬೈಸಿಕೊಳ್ಳುತ್ತೇನೆ. "ಏನೋ ಯಾಕೊವೊಸ್, ಹಿಟ್ಟಿನ ಗಿರಣಿಯಲ್ಲಿ ಉರುಳಾಡಿ ಬಂದೆಯಾ? ಆ ಅಂಗಿ ಬಿಚ್ಚಿ ಕೊಡು, ಒಗೆದು ಹಾಕ್ತೀನಿ" ಅನ್ನುತ್ತಾಳೆ. ಅದು ಅಮೃತಶಿಲೆಯ ಪುಡಿ, ಒಗೆದರೆ ಹೋಗುವಂಥದ್ದಲ್ಲ. ನಿನ್ನ ಅಕ್ಕ ಅಸಿಮೀನಳಿಗೆ ಗೊತ್ತಿತ್ತು. ಅವಳು ಒಗೆಯುತ್ತಿರಲಿಲ್ಲ, ಅಂಗಳದಲ್ಲಿ ನಿಲ್ಲಿಸಿ ಕೋಲಿನಿಂದ ಬಡಿಯುತ್ತಿದ್ದಳು. ಅಂಗಿಯನ್ನಷ್ಟೇ ಅಲ್ಲ, ಅಂಗಿಯೊಳಗಿದ್ದ ನನ್ನನ್ನೂ ಸೇರಿಸಿ.

ವಿಷಯಕ್ಕೆ ಬರುತ್ತೇನೆ. ಬರುವ ವಸಂತಕ್ಕೆ ಅಸಿಮೀನ ಮಣ್ಣಿಗೆ ಹೋಗಿ ಮೂರು ವರ್ಷ. ನಮ್ಮ ಸ್ಮಶಾನ ಎಷ್ಟಗಲ ಎಂದು ನಿನಗೆ ಗೊತ್ತೇ ಇದೆ. ಮೂರು ವರ್ಷಕ್ಕೆ ಮೂಳೆ ಮೇಲೆತ್ತಿ ಮುಂದಿನವರಿಗೆ ಜಾಗ ಬಿಡಬೇಕು. ಪಾದ್ರಿ ಮಾರ್ಕೆಲೊಸ್ ದಿನ ಗೊತ್ತುಮಾಡಿದ್ದಾರೆ: ಜೂನ್ ಆರು, ಆತ್ಮಗಳ ಶನಿವಾರ. ಮೂಳೆಗಳನ್ನು ವೈನಿನಲ್ಲಿ ತೊಳೆಯಬೇಕಾದವಳು ರಕ್ತ ಹಂಚಿಕೊಂಡ ಹೆಂಗಸು. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ಈ ಲೋಕದಲ್ಲಿ ಆ ಹೆಂಗಸು ನೀನೊಬ್ಬಳೇ. ಬಾ.

ತೊಳೆದ ಮೂಳೆಗಳ ಪೆಟ್ಟಿಗೆ ಸ್ಮಶಾನದ ಗೋಡೆಯ ಗೂಡಿಗೆ ಹೋಗುತ್ತದೆ. ಗೂಡಿನ ಮುಂದೆ ನಿಲ್ಲಿಸುವ ಕಲ್ಲನ್ನು ನಾನೇ ಕೆತ್ತುತ್ತಿದ್ದೇನೆ. ಏನು ಕೆತ್ತುತ್ತಿದ್ದೇನೆ ಹೇಳು? ಬುಗ್ಗೆಯ ಗೋಡೆಯಲ್ಲಿರುವ ನಮ್ಮ ಅಕ್ಕತಂಗಿಯರ ಕಲ್ಲನ್ನೇ. ಕುರ್ಚಿಯಲ್ಲಿ ಕೂತವಳು, ಎದುರು ನಿಂತವಳು, ನಡುವೆ ಕೈಗೆ ಕೈ. ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರದೋ ಗೋರಿಯ ಮೇಲಿದ್ದದ್ದು. ನಮ್ಮಜ್ಜಂದಿರು ಕಿತ್ತು ತಂದು ನೀರಿನ ಬಾಯಿಯ ಮೇಲೆ ಕೂರಿಸಿದರು. ಹೋದ ವರ್ಷ ಅದಕ್ಕೆ ಕಬ್ಬಿಣದ ಕಂಬಿ ಹಾಕಿದ್ದಾರೆ, ಯಾರೂ ಮುಟ್ಟಬಾರದಂತೆ! ಆದರೂ ಊರು ಬಿಟ್ಟು ಹೊರಟವರು ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಆ ಕೈಗಳನ್ನು ಮುಟ್ಟಿಯೇ ಹೋಗುತ್ತಾರೆ. ಕ್ಷೌರದ ಅಂಗಡಿಯ ಸಿಮೋಸ್, ಆ ದಪ್ಪ ಮನುಷ್ಯ, ಮಗಳನ್ನು ನೋಡಲು ಅಥೆನ್ಸಿಗೆ ಹೊರಟವನು ಕೈ ಸಿಕ್ಕಿಸಿಕೊಂಡು ಒದ್ದಾಡಿದ. ಆಲಿವ್ ಎಣ್ಣೆ ಹಚ್ಚಿ ಬಿಡಿಸಿದೆವು. ಹಡಗು ತಪ್ಪಿಹೋಯಿತು. "ಅಕ್ಕತಂಗೀರು ಬಿಡಲೇ ಇಲ್ಲ ಕಣ್ರೋ" ಅಂತ ರಾಕಿ ಕುಡಿದು ಕೂತ.

ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನಲ್ಲವೇ ನಾನು? ಅಪ್ಪ ಬಿದ್ದು ಹಾಸಿಗೆ ಹಿಡಿದ ಮೇಲೆ ಕಾಲೇಜು ಹೋಯಿತು, ಉಳಿ ಬಂತು. ಈಗ ಇಂಗ್ಲಿಷ್ ಕಾಗದಗಳ ತಲೆ ಮತ್ತು ಬಾಲ ಮಾತ್ರ ನೆನಪಿದೆ, ನಡುವಿನದ್ದನ್ನೆಲ್ಲ ಕಲ್ಲು ತಿಂದಿತು. ಬಾಲವನ್ನಾದರೂ ಇಲ್ಲಿ ಹಾಕುತ್ತೇನೆ, ನೀನು ಇಂಗ್ಲಿಷಿನ ದೇಶದಲ್ಲಿರುವವಳು.

ಯುವರ್ಸ್ ಒಬೀಡಿಯಂಟ್ಲಿ,
ಯಾಕೊವೊಸ್


ಮೆಲ್ಬರ್ನ್
೨೪ ನವೆಂಬರ್ ೧೯೮೬

ಭಾವನವರಿಗೆ,

ಕಾಗದ ಸಿಕ್ಕಿತು. ಇಲ್ಲಿ "ಯುವರ್ಸ್ ಒಬೀಡಿಯಂಟ್ಲಿ" ಅಂತ ಯಾರೂ ಬರೆಯುವುದಿಲ್ಲ. ನನ್ನ ಮಗ ಓದಿ, "ಅಮ್ಮಾ, ಊರಲ್ಲಿ ನಿನಗೆ ಗುಮಾಸ್ತ ಇದ್ದಾನಾ?" ಅಂದ.

ಬರುವುದಕ್ಕೆ ಆಗುವುದಿಲ್ಲ. ಮೀನು ಕರಿದು ಮಾರುವ ಅಂಗಡಿ ನೋಡಿಕೊಳ್ಳುವವರು ಯಾರು? ಮಗನಿಗೆ ಎಣ್ಣೆ ಯಾವಾಗ ಕಾದಿದೆ ಎಂದು ಕೂಡ ತಿಳಿಯುವುದಿಲ್ಲ. ಜೂನಿನಲ್ಲಿ ಇಲ್ಲಿ ಚಳಿ, ನನ್ನ ಮಂಡಿ ಸರಿಯಿಲ್ಲ. ವಿಮಾನವೆಂದರೆ ಹೊಟ್ಟೆ ತೊಳಸುತ್ತದೆ. ಜಂಬೇತಾ ಇದ್ದಾಳಲ್ಲ, ನಮ್ಮ ಅಮ್ಮನ ಕಡೆಯಿಂದ ದೂರದ ನಂಟು, ಅವಳು ತೊಳೆಯಲಿ. ಅವಳ ಕೈ ಚೊಕ್ಕಟ.

ನೀವು ಕೆತ್ತುತ್ತಿರುವುದನ್ನು ಓದಿ ನಗು ಬಂತು. ಆ ಕಲ್ಲಿನ ಮುಂದೆ ನಾವಿಬ್ಬರು ಎಷ್ಟು ಜಗಳ ಆಡಿದ್ದೇವೆ ಗೊತ್ತಾ? ನೀರು ತುಂಬಲು ಹೋದಾಗೆಲ್ಲ ಅಸಿಮೀನ, "ಕೂತವಳು ನಾನು" ಅನ್ನುವಳು. ನಾನು, "ದಿನಾ ನೀನೇ ಯಾಕೆ ಕೂರಬೇಕು? ಇವತ್ತು ನಾನು" ಅನ್ನುವೆ. "ನಾನು ದೊಡ್ಡವಳು, ಕುರ್ಚಿ ದೊಡ್ಡವಳಿಗೆ. ನೀನು ನಿಂತುಕೋ." ಹಾಗೇ ಆಯಿತಲ್ಲ. ಅಮ್ಮ ಹೋದಮೇಲೆ ಮನೆ ಹಿರಿಮಗಳಿಗೆ, ನಮ್ಮೂರಿನ ಕ್ರಮ, ತಪ್ಪು ಅನ್ನುತ್ತಿಲ್ಲ. ಅವಳು ಕೂತಳು. ನಾನು ನಿಂತೆ, ನಿಂತವಳು ಹೊರಟೆ.

ಹಡಗುಕಟ್ಟೆಯಲ್ಲೂ ನಿಂತೇ ಇದ್ದೆ, ಹಗ್ಗ ಬಿಚ್ಚುವ ತನಕ. ಇರಲಿ, ಹಳೆಯ ಮಾತು.

ಒಂದು ಕೇಳುತ್ತೇನೆ. ಆ ಕಲ್ಲಿನಲ್ಲಿ ಕೈಗಳೇ ಇಲ್ಲವಲ್ಲ? ಜನ ಮುಟ್ಟಿ ಮುಟ್ಟಿ ಸವೆದು ಸೋಪಿನ ಬಿಲ್ಲೆಯ ಹಾಗಾಗಿತ್ತು ನಾನಿದ್ದಾಗಲೇ. ಅದನ್ನು ನೋಡಿ ನೀವು ಏನು ಕೆತ್ತುತ್ತೀರಿ?

ಗರುಫಲ್ಯಾ


ಲಿಥಾರಿ
೧೮ ಡಿಸೆಂಬರ್ ೧೯೮೬

ಪ್ರೀತಿಯ ಗರುಫಲ್ಯಾ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ನೋಡಿದೆಯಾ, ತಲೆಯೂ ನೆನಪಿದೆ.

ಮನೆಯ ವಿಷಯ ಇನ್ನೂ ನಿನ್ನ ಮನಸ್ಸಿನಲ್ಲಿದೆ ಎಂದು ತಿಳಿದು ಬೇಜಾರಾಯಿತು. ಬಾ, ಬೇಕಾದ ಕುರ್ಚಿಯಲ್ಲಿ ಕೂರು. ನಾಲ್ಕಿವೆ. ಒಂದರ ಕಾಲು ಅಲ್ಲಾಡುತ್ತದೆ, ಅದು ನನ್ನದು.

ಕೈಗಳ ಬಗ್ಗೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಬಟ್ಟೆಯ ನೆರಿಗೆ ಇದೆ, ಕುರ್ಚಿಯ ಬಾಗಿದ ಕಾಲಿದೆ, ಇಬ್ಬರ ಮುಖವೂ ಹೇಗೋ ಉಳಿದಿದೆ, ಮೂಗಿನ ತುದಿ ಬಿಟ್ಟು. ಕೈಗಳಿರಬೇಕಾದಲ್ಲಿ ಮಾತ್ರ ನುಣ್ಣನೆಯ ಉಬ್ಬು. ಈಜಿಪ್ಟಿಗೆ ಹೋದವರು, ಅಮೆರಿಕಕ್ಕೆ ಹೋದವರು, ಹಡಗು ಸೇರಿದವರು, ಸೈನ್ಯ ಸೇರಿದವರು, ಎಲ್ಲರೂ ಸ್ವಲ್ಪ ಸ್ವಲ್ಪ ಒಯ್ದಿದ್ದಾರೆ. ಹಳೆಯ ಶಿಲ್ಪಿಯ ಕೆಲಸ ಅಲ್ಲಿ ಮುಗಿದು ನಮ್ಮೂರಿನವರ ಕೆಲಸ ಶುರುವಾಗಿದೆ.

ಮೊನ್ನೆ ಅಥೆನ್ಸಿನಿಂದ ಕಲ್ಲು ನೋಡಲು ಒಬ್ಬ ಹುಡುಗಿ ಬಂದಿದ್ದಳು, ಪುರಾತತ್ವ ಓದಿದವಳು, ಒಳ್ಳೆಯ ಮಗು, ಜಂಬೇತಾ ಕೊಟ್ಟ ಆಮ್ಲೆಟ್ಟನ್ನು ಎರಡು ಸಲ ಹಾಕಿಸಿಕೊಂಡಳು. ಕೇಳಿದೆ: "ಇವರಲ್ಲಿ ಸತ್ತವಳು ಯಾರಮ್ಮ?"

"ಸಾಮಾನ್ಯವಾಗಿ ಕೂತವರು ಅಂತೀವಿ, ಅಜ್ಜ. ಆದರೆ ಖಚಿತವಿಲ್ಲ. ಹೆಸರು ಒಡೆದುಹೋದರೆ ಹೇಳೋಕೆ ಬರೋದಿಲ್ಲ."

"ಮುಖ ನೋಡಿ ಹೇಳಕ್ಕಾಗಲ್ವಾ?"

"ಅದೇ ಚಂದ," ಅಂದಳು. "ಇಬ್ಬರೂ ಒಂದೇ ಥರ ನೋಡ್ತಿದ್ದಾರೆ."

ಅವಳು ಹೋದಮೇಲೂ ನಾನಲ್ಲೇ ನಿಂತಿದ್ದೆ. ನಮ್ಮಪ್ಪನ ಕಾಲದ ಗೋರಿಗಳ ಮೇಲೆ ದೇವದೂತರು ಹೇಗೆ ಗೋಳಾಡುತ್ತಾರೆ ನೆನಪಿದೆಯಾ? ನಾನೇ ಎಷ್ಟು ಕೆತ್ತಿಲ್ಲ, ಕೆನ್ನೆ ಮೇಲೆ ಕಣ್ಣೀರಿನ ಹನಿ ಸಮೇತ! ಗಿರಾಕಿಗಳು ಹನಿ ಇನ್ನೂ ದೊಡ್ಡದು ಮಾಡಿ ಅನ್ನುತ್ತಿದ್ದರು. ಈ ಹಳೆಯವರು ಅಳುವುದಿಲ್ಲ. ಒಬ್ಬರು ಹೋಗಬೇಕು, ಒಬ್ಬರು ಇರಬೇಕು, ಅದು ಇಬ್ಬರಿಗೂ ಗೊತ್ತು, ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿದೆ, ಇನ್ನು ಒಂದು ಗಳಿಗೆ ಕೈ ಹಿಡಿದುಕೊಂಡಿರೋಣ ಎಂಬಂತೆ ನೋಡುತ್ತಾರೆ. ಆ ಒಂದು ಗಳಿಗೆ ಎರಡು ಸಾವಿರ ವರ್ಷದಿಂದ ಮುಗಿದಿಲ್ಲ. ಚಿಕ್ಕವನಾಗಿದ್ದಾಗ ಅದನ್ನು ನೋಡಿದರೆ ಬೇಸರ ಬರುತ್ತಿತ್ತು. ಈಗ ದಿನಾ ನೀರಿನ ನೆಪ ಹೇಳಿ ಹೋಗುತ್ತೇನೆ. ಮನೆಯಲ್ಲಿ ನಲ್ಲಿ ಇದೆ.

ಅಸಿಮೀನಳ ಕೈ ಕೆತ್ತಿ ಆಯಿತು. ಅದಕ್ಕೆ ಮಾದರಿ ಬೇಕಿರಲಿಲ್ಲ. ಕಣ್ಣು ಮುಚ್ಚಿಯೂ ಕೆತ್ತಬಲ್ಲೆ. ಹೆಬ್ಬೆರಳ ಬುಡದಲ್ಲಿ ಬ್ರೆಡ್ಡಿನ ಒಲೆ ಸುಟ್ಟ ಕಲೆಯಿತ್ತಲ್ಲ, ಅದನ್ನೂ ಇಟ್ಟಿದ್ದೇನೆ. ಇನ್ನು ಬೇಕಾದ್ದು ನಿನ್ನ ಕೈ. ನಿನಗೆ ಬರಲಾಗದಿದ್ದರೆ, ಚಪ್ಪಲಿ ಹೊಲಿಯುವವನಿಗೆ ಅಳತೆ ಕೊಡುವ ಹಾಗೆ ಕಾಗದದ ಮೇಲೆ ಬಲಗೈ ಇಟ್ಟು ಸುತ್ತ ಗೀಟೆಳೆದಾದರೂ ಕಳಿಸು. ಆದರೆ ಬಾ.

ಮಗನಿಗೆ ಹೇಳು, ಗುಮಾಸ್ತ ಕ್ಷೇಮ.

ಯುವರ್ಸ್ ಒಬೀಡಿಯಂಟ್ಲಿ,
ಯಾಕೊವೊಸ್


ಮೆಲ್ಬರ್ನ್
೯ ಫೆಬ್ರವರಿ ೧೯೮೭

ಭಾವ,

ಬೇರೆ ಪೊಟ್ಟಣದಲ್ಲಿ ಕೈ ಕಳಿಸಿದ್ದೇನೆ. ಸೊಸೆ ಆಸ್ಪತ್ರೆಯಲ್ಲಿ ಮುರಿದ ಮೂಳೆಗೆ ಪ್ಲಾಸ್ಟರ್ ಕಟ್ಟುವ ಕೆಲಸದವಳು. ಅಡುಗೆಮನೆ ಮೇಜಿನ ಮೇಲೆ ನನ್ನ ಬಲಗೈ ಇಟ್ಟು ಅಚ್ಚು ತೆಗೆದಳು. ತಣ್ಣಗಿತ್ತು, ಆಮೇಲೆ ಬಿಸಿಯಾಯಿತು. ಅಲ್ಲಾಡಬೇಡಿ ಅಂತ ಗದರಿದಳು.

ನೋಡಿ ಹೆದರಬೇಡಿ. ಪೀಚ್ ಹಣ್ಣು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಣ್ಣೀರಿನಲ್ಲಿದ್ದ ಕೈ. ಗೆಣ್ಣುಗಳು ನಮ್ಮೂರಿನ ದ್ರಾಕ್ಷಿ ಬಳ್ಳಿಯ ಗಂಟಿನ ಹಾಗಾಗಿವೆ. ಬೇಕಿದ್ದರೆ ನೆಟ್ಟಗೆ ಮಾಡಿ ಕೆತ್ತಿ, ನಾನೇನೂ ಅಂದುಕೊಳ್ಳುವುದಿಲ್ಲ.

ಇದನ್ನೇ ನಾನು ಬಂದ ಹಾಗೆ ಅಂದುಕೊಳ್ಳಿ, ಇನ್ನು ಬಾ ಎನ್ನಬೇಡಿ. ಮಂಡಿ, ಅಂಗಡಿ ಎಲ್ಲ ನೆಪ ಅಂತ ನಿಮಗೂ ಗೊತ್ತಿದೆ, ಕೇಳುವಷ್ಟು ದಿಟ್ಟತನ ಇಲ್ಲ. ನಾನೇ ಹೇಳುತ್ತೇನೆ. ನಾನು ಊರು ಬಿಟ್ಟ ದಿನ ಅಸಿಮೀನ ಹಡಗುಕಟ್ಟೆಗೆ ಬರಲಿಲ್ಲ. ಹಿಂದಿನ ಸಂಜೆ ಜಗಳವಾಗಿತ್ತು, ನಿಜ. ನಾನು "ಈ ಮನೆ ನಿನ್ನದು, ಬಾಗಿಲೂ ನಿನ್ನದು, ನಿನ್ನ ಬಾಗಿಲ ಮುಂದೆ ಇನ್ನು ಹಾಯುವುದಿಲ್ಲ" ಅಂದದ್ದೂ ನಿಜ. ಆದರೂ ಬರುತ್ತಾಳೆ ಅಂದುಕೊಂಡಿದ್ದೆ. ಕಟ್ಟೆಯ ಮೇಲೆ ಪೇಟೆಯವರೆಲ್ಲ ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು. ನಾನು ಟ್ರಂಕಿನ ಮೇಲೆ ಕೂಡ ಕೂರದೆ, ಇಳಿಜಾರಿನ ದಾರಿಯನ್ನೇ ನೋಡುತ್ತ ನಿಂತಿದ್ದೆ. ಕರಿಯ ಸ್ಕಾರ್ಫು ಕಂಡರೆ ಸಾಕು ಅವಳೇ ಅನ್ನಿಸುತ್ತಿತ್ತು. ಬದುಕಿದ್ದಾಗ ಬಂದು ಕೈ ಹಿಡಿಯದವಳ ಮೂಳೆ ತೊಳೆಯಲು ನಾನು ಸಮುದ್ರ ದಾಟಿ ಬರಬೇಕೇ?

ಕಲ್ಲು ಚೆನ್ನಾಗಿ ಬರಲಿ.

ಗರುಫಲ್ಯಾ


ಲಿಥಾರಿ
೧೨ ಮಾರ್ಚ್ ೧೯೮೭

ಗರುಫಲ್ಯಾ,

ಕೈ ಬಂತು. ಪೇಟೆಯ ಅಂಚೆಯಲ್ಲಿ ಪೊಟ್ಟಣ ಬಿಚ್ಚಿಸಿದರು. "ಏನಜ್ಜ ಇದು?" ಅಂದ ಅಲ್ಲಿದ್ದವನು. "ನನ್ನ ನಾದಿನಿ," ಅಂದೆ. "ಉಳಿದ ಮೈ ಯಾವ ಹಡಗಲ್ಲಿ ಬರುತ್ತೆ?" ಅಂತ ಕೇಳಿದ. ನಗಬೇಕಿತ್ತು, ನಗಲಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ.

ನೆಟ್ಟಗೆ ಮಾಡುವುದಿಲ್ಲ. ಆ ಗಂಟುಗಳ ಮೇಲೆ ಬೆರಳಾಡಿಸಿದಾಗ ನಾಚಿಕೆಯಾಯಿತು. ನಾನು ಇಷ್ಟು ದಿನ ನೀರಿನ ಕೊಡ ಹಿಡಿದ ಹುಡುಗಿಯ ಕೈಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ, ನಮ್ಮ ಊರು ಬಿಟ್ಟವರಿಗೆಲ್ಲ ವಯಸ್ಸಾಗುವುದಿಲ್ಲವೇನೋ ಎಂಬಂತೆ.

ಆದರೆ ಇದರಿಂದ ಕೆತ್ತಲಾಗುವುದಿಲ್ಲ. ಹದಿನೈದು ದಿನ ಒದ್ದಾಡಿ ಹೇಳುತ್ತಿದ್ದೇನೆ. ಇದು ಮೇಜಿನ ಮೇಲೆ ಇಟ್ಟ ಕೈ. ಏನನ್ನೂ ಹಿಡಿದಿಲ್ಲ. ಇನ್ನೊಂದು ಕೈಯನ್ನು ಹಿಡಿದ ಕೈಯೇ ಬೇರೆ: ಅಂಗೈ ಗುಳಿ ಬೀಳುತ್ತದೆ, ಕಿರುಬೆರಳು ಒಳಗೆ ಸರಿಯುತ್ತದೆ, ಮಣಿಕಟ್ಟಿನ ನರ ಎದ್ದು ನಿಲ್ಲುತ್ತದೆ. ಅದನ್ನು ನಾನು ಊಹಿಸಿ ಮಾಡಿದರೆ ಅಂಗಡಿಯ ಗೊಂಬೆಯಾಗುತ್ತದೆ. ಅಸಿಮೀನಳ ಕೈ ಚಾಚಿಕೊಂಡಿದೆ. ಎದುರಿಗೆ ನಿನ್ನ ಜಾಗದಲ್ಲಿ ಇನ್ನೂ ಒರಟು ಕಲ್ಲು.

ಈಗ ಆ ದಿನದ ಮಾತು. ಇದನ್ನು ನಿನಗೆ ಹೇಳಬೇಡಿ ಎಂದು ಅವಳು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು. "ಹೇಳಿ ಕರೆಸಿಕೊಂಡರೆ ಅದು ಬಂದ ಹಾಗಲ್ಲ, ತಾನಾಗಿ ಬರಬೇಕು" ಅನ್ನುತ್ತಿದ್ದಳು. ನೀನೂ ಅದೇ ಗರ್ಭದವಳು, ಬೇರೆ ಮಾತು ಆಡುವವಳಲ್ಲ. ಸತ್ತವಳ ಮಾತು ಮುರಿಯುತ್ತಿದ್ದೇನೆ. ಮೇಲೆ ಹೋದಮೇಲೆ ಕೋಲಿನಿಂದ ಬಡಿಯಲಿ.

ಅವತ್ತು ಬೆಳಗಾಗುವ ಮುಂಚೆಯೇ ಅವಳು ಮನೆ ಬಿಟ್ಟಿದ್ದಳು, ಗರುಫಲ್ಯಾ. ಅಕ್ಕತಂಗಿಯರ ಕಲ್ಲಿನ ಹತ್ತಿರ ಹೋಗಿ ನಿನಗಾಗಿ ನಿಂತಿದ್ದಳು. ಹೊರಟವರನ್ನು ಅಲ್ಲಿಯ ತನಕ ತಾನೆ ಕಳಿಸಿಕೊಡುವುದು? ಅಲ್ಲಿಂದ ಮುಂದೆ ನೀರಿನವರೆಗೆ ಜೊತೆ ಹೋದರೆ ಹೋದವರು ಮರಳುವುದಿಲ್ಲ ಎಂದು ನಿಮ್ಮಮ್ಮನೇ ನಿಮಗಿಬ್ಬರಿಗೂ ಹೇಳಿಕೊಟ್ಟದ್ದಲ್ಲವೇ? ನೀನು ಸಿಟ್ಟಿನಲ್ಲಿದ್ದರೂ ಕಲ್ಲು ಮುಟ್ಟದೆ ಹೋಗುವುದಿಲ್ಲ ಎಂದು ಅವಳಿಗೆ ಖಾತ್ರಿ. ನೀನು ಬಾಗಿಲ ಮುಂದೆ ಹಾಯುವುದಿಲ್ಲವೆಂದು ಹಿತ್ತಲಿನಿಂದ ಇಳಿದು ಕೆಳದಾರಿಯಲ್ಲಿ ಹೋದೆ. ಕೆಳದಾರಿಯಲ್ಲಿ ಕಲ್ಲು ಸಿಗುವುದಿಲ್ಲ, ಅದಿರುವುದು ಮೇಲ್ದಾರಿಯಲ್ಲಿ.

ಹಡಗಿನ ಕೂಗು ನಾನು ಕೆಲಸದ ಕೊಟ್ಟಿಗೆಯಲ್ಲಿ ಕೇಳಿದೆ. ಎಷ್ಟೋ ಹೊತ್ತಾದಮೇಲೆ ಅವಳು ಬಂದಳು. ತೋಳಿನಲ್ಲಿ ಜಾಡಿ. ನಿನ್ನ ಪ್ರಯಾಣಕ್ಕೆಂದು ಕಿದೋನಿ ಹಣ್ಣಿನ ಮುರಬ್ಬ ಮಾಡಿದ್ದಳು. ಜಗಳ ಮುಗಿದ ಮೇಲೆ ಕೂತು ಮಾಡಿದ್ದು. ಕೇಳಿದೆ, "ಸಿಕ್ಕಳಾ?" ಅವಳು ಜಾಡಿಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟು, "ಅವಳು ಕಲ್ಲು ಮುಟ್ಟಲಿಲ್ಲ, ಇನ್ನು ಬರುವುದಿಲ್ಲ" ಅಂದಳು. ಅಷ್ಟೇ. ನೀನು ಅವಳಿಗೆ ಕೈ ಕೊಡಲು ಮನಸ್ಸಿಲ್ಲದೆ ಹೋದೆ ಎಂದುಕೊಂಡೇ ಸತ್ತಳು. ನೀನು ಕಟ್ಟೆಯಲ್ಲಿ ದಾರಿ ನೋಡುತ್ತಿದ್ದೆ ಎಂದು ನನಗೂ ಗೊತ್ತಾದದ್ದು ನಿನ್ನ ಕಾಗದದಿಂದ.

ಜಾಡಿ ಇನ್ನೂ ಅಲ್ಲೇ ಇದೆ. ಒಳಗಿನದ್ದು ಕಪ್ಪಾಗಿದೆ. ಧೂಳು ಒರೆಸುತ್ತಿದ್ದಳು, ತೆರೆಯುತ್ತಿರಲಿಲ್ಲ. ಒಮ್ಮೆ ನಾನು ಕೈ ಹಾಕಿದ್ದಕ್ಕೆ, "ಅದು ನಿಮ್ಮದಲ್ಲ" ಅಂದಳು.

ಈ ಸಲ ಇಂಗ್ಲಿಷಿನ ಬಾಲ ಬೇಡ.

ನಿನ್ನ ಭಾವ,
ಯಾಕೊವೊಸ್


ಲಿಥಾರಿ
೪ ಮೇ ೧೯೮೭

ಗರುಫಲ್ಯಾ,

ಈಸ್ಟರ್ ಕಳೆಯಿತು, ನಿನ್ನಿಂದ ಉತ್ತರವಿಲ್ಲ. ನಾನು ಬರೆದದ್ದು ತಪ್ಪಾಯಿತೇನೋ. ಹೇಳದೆ ಇದ್ದಿದ್ದರೆ ನಿನಗೆ ಅವಳ ಮೇಲೆ ಸಿಟ್ಟಾದರೂ ಇರುತ್ತಿತ್ತು, ಸಿಟ್ಟು ಒಂದು ಆಸರೆ. ಈಗ ಅದನ್ನೂ ಕಿತ್ತುಕೊಂಡೆ.

ಜಂಬೇತಾಗೆ ಹೇಳಿದ್ದೇನೆ. ಹೊಸ ಬಟ್ಟೆ, ವೈನು ಎಲ್ಲ ತಂದಿಟ್ಟಿದ್ದಾಳೆ. "ನಾನು ತೊಳೀತೀನಿ ಕಣೋ, ಚೆನ್ನಾಗೇ ತೊಳೀತೀನಿ. ಆದ್ರೆ ಅವಳು ಕಣ್ಣು ಬಿಟ್ರೆ ನನ್ನ ನೋಡಿ, 'ನೀನ್ಯಾಕೆ ಬಂದೆ' ಅಂತಾಳೆ ನೋಡು" ಅಂದಳು. ಅಂದವಳೇ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕಲ್ಲನ್ನು ಹಾಗೇ ನಿಲ್ಲಿಸುತ್ತೇನೆ, ಒಂದು ಕೈ ಕೆತ್ತಿ ಆದದ್ದು, ಒಂದು ಕೈ ಇನ್ನೂ ಕಲ್ಲಿನೊಳಗೆ. ಹಳೆಯದರಲ್ಲೂ ಕೈಗಳಿಲ್ಲವಲ್ಲ, ಯಾರಿಗೆ ಕೊರತೆಯಾಗಿದೆ? ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಬುಗ್ಗೆಯ ಹತ್ತಿರ ಕೂತು. ಪ್ಲಾಸ್ಟರಿನ ಕೈ ಅಡುಗೆಮನೆಯ ಕಿಟಕಿಯಲ್ಲಿದೆ. ಬೆಳಿಗ್ಗೆ ಬಿಸಿಲು ಅದರ ಮೇಲೆ ಬೀಳುತ್ತದೆ.

ನಿನ್ನ ಮಂಡಿ ಹುಷಾರು.

ಯಾಕೊವೊಸ್


ಮೆಲ್ಬರ್ನ್
೧೪ ಮೇ ೧೯೮೭

ಭಾವ,

ನಿಮ್ಮ ಮಾರ್ಚಿನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಎಣ್ಣೆ ಹೊತ್ತಿಕೊಂಡು ಹೊಗೆಯಾಯಿತು, ಮಗ ಓಡಿ ಬಂದ. ಆಮೇಲೆ ಬರೆಯಲು ಕೂತಾಗಲೆಲ್ಲ "ಭಾವ" ಎಂಬಲ್ಲಿಗೆ ನಿಂತುಹೋಯಿತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಮುರಬ್ಬ. ಜಗಳ ಆದಮೇಲೆ ಕೂತು ಮಾಡಿದಳು ಅಂದಿರಲ್ಲ. ಆ ವಾಸನೆ ಅವತ್ತು ಮಹಡಿಯ ತನಕ ಬಂದಿತ್ತು. ನಾನು ಮುಸುಕೆಳೆದುಕೊಂಡು, ನಾನು ಹೊರಟಿರುವಾಗ ಇವಳಿಗೆ ಸಿಹಿ ಮಾಡುವ ಸಂಭ್ರಮ ನೋಡು ಅಂದುಕೊಂಡು ಮಲಗಿದ್ದೆ.

ಅಮ್ಮ ಹೇಳಿಕೊಟ್ಟದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಳದಾರಿ ಹಿಡಿದೆ. ನನಗಾಗಿ ಅವಳು ಕ್ರಮ ಮುರಿದು ನೀರಿನ ತನಕ ಬರಲಿ ಎಂದಿತ್ತು. ನಾನು ಮರಳಿ ಬರಲಿ ಎಂದು ಅವಳು ಕ್ರಮ ಹಿಡಿದು ಅಲ್ಲೇ ನಿಂತಿದ್ದಳು.

ಜಂಬೇತಾಗೆ ಹೇಳಿ, ಬಟ್ಟೆ ಮಡಿಸಿಡಲಿ, ವೈನಿಗೆ ಬಿರಡೆ ಹಾಕಲಿ. ನಾನು ತೊಳೆಯುತ್ತೇನೆ. ಮಗ ಟಿಕೆಟ್ ತಂದಿದ್ದಾನೆ. ಮೂರನೇ ತಾರೀಖು ಬುಧವಾರ ಮಧ್ಯಾಹ್ನದ ಹಡಗು.

ಇನ್ನೊಂದು. ಕಲ್ಲಿನ ಮೇಲೆ ಯಾರ ಕೆಳಗೂ ಯಾರ ಹೆಸರೂ ಬರೆಯಬೇಡಿ. ಹೊರಟವಳು ಈಗ ಅವಳು, ಉಳಿದವಳು ನಾನು. ಕೊನೆಗೂ ಕುರ್ಚಿ ನನಗೇ ಬಂತು. ಬೇಕಿರಲಿಲ್ಲ.

ನನ್ನ ಕೈ ಕೆತ್ತುವಾಗ ನಿಮ್ಮ ಇನ್ನೊಂದು ಕೈಯನ್ನು ನನಗೆ ಹಿಡಿಯಲು ಕೊಡಬೇಕು. ಇಲ್ಲದಿದ್ದರೆ ಇನ್ಯಾರ ಕೈ ಹಿಡಿಯಲಿ? ಒಂದೇ ಕೈಲಿ ಹೇಗೆ ಕೆತ್ತುತ್ತೀರೋ ನಿಮಗೆ ಬಿಟ್ಟದ್ದು. ಜಂಬೇತಾ ಬೇಕಾದರೆ ಕೈ ಕೊಡಲಿ, ಬೈಯುತ್ತ.

ಕಟ್ಟೆಗೆ ಬರಬೇಡಿ. ಟ್ರಂಕು ಬಸ್ಸಿನಲ್ಲಿ ಬರುತ್ತದೆ. ನಾನು ಮೇಲ್ದಾರಿಯಲ್ಲಿ ನಡೆದು ಬರುತ್ತೇನೆ, ಮಂಡಿ ನೋಯುತ್ತದೆ, ನಿಧಾನವಾಗುತ್ತದೆ. ನೀವು ಕಲ್ಲಿನ ಹತ್ತಿರ ನಿಂತಿರಿ. ಜಾಡಿ ತನ್ನಿ.

ಯುವರ್ಸ್ ಒಬೀಡಿಯಂಟ್ಲಿ,
ಗರುಫಲ್ಯಾ